ನಮ್ಮ ನಾಡಿಗೆ ನೆನಪಿರುವುದೇನು?

ಯಾದಗಿರಿ, ಶಹಾಪುರ, ಸುರಪುರದ ಕಡೆಯವರು ಬೆಂಗಳೂರಿಗೋ ಮೈಸೂರಿಗೋ ಹೋಗಿ ನಾಲ್ಕು ಮಾತಾಡಿದರೆ ಸಾಕು, ಎದುರಿನವರ ಪ್ರಶ್ನೆ ಸಿದ್ಧವಾಗಿರುತ್ತದೆ: 'ನೀವು ಆಂಧ್ರದ ಕಡೆಯವರಾ?' ಅಲ್ಲ ಸ್ವಾಮಿ, ಕಲಬುರಗಿ ಕಡೆಯವರು ಎಂದರೆ 'ಓಹೋ, ಬಿಸಿಲ ನಾಡು' ಎನ್ನುತ್ತಾರೆ. ಪತ್ರಿಕೆ ಓದುವ ಅಭ್ಯಾಸವಿದ್ದವರು 'ಹಿಂದುಳಿದ ಪ್ರದೇಶ' ಎಂದು ಸೇರಿಸುತ್ತಾರೆ. ರೈಲಿನಲ್ಲಿ ಓಡಾಡುವವರಿಗೆ ಯಾದಗಿರಿಯೆಂದರೆ ಮುಂಬೈ-ಚೆನ್ನೈ ಮಾರ್ಗದಲ್ಲಿ ವಾಡಿ, ರಾಯಚೂರುಗಳ ನಡುವೆ ಬರುವ ಒಂದು ಸ್ಟೇಷನ್ನು. ಶಹಾಪುರ, ಸುರಪುರಗಳಿಗೆ ಆ ಭಾಗ್ಯವೂ ಇಲ್ಲ, ಅಲ್ಲಿ ರೈಲೇ ಇಲ್ಲ.

ಬಿಸಿಲು, ತೊಗರಿ, ಹಿಂದುಳಿದಿರುವಿಕೆ. ಈ ಮೂರೇ ಒಂದು ನಾಡಿನ ಗುರುತಾಗಬಹುದೇ? ಇದು ಹೊರಗಿನವರು ಕೊಟ್ಟ ಗುರುತು ಎಂದು ಸುಮ್ಮನಿರಬಹುದಿತ್ತು. ಆದರೆ ತರಗತಿಯಲ್ಲಿ 'ನಿಮ್ಮ ಜಿಲ್ಲೆಯ ವಿಶೇಷವೇನು?' ಎಂದು ಕೇಳಿದರೆ ನಮ್ಮ ಮಕ್ಕಳೂ ಹೆಚ್ಚುಕಡಿಮೆ ಇದೇ ಮೂರನ್ನು ಹೇಳುತ್ತಾರೆ. ಚಿಂತೆಗೆ ಕಾರಣವಾಗುವುದು ಅದು.

ಈಚೆಗೆ ನನ್ನ ಹಳೆಯ ವಿದ್ಯಾರ್ಥಿಯೊಬ್ಬ ರಜೆಗೆ ಊರಿಗೆ ಬಂದಿದ್ದ. ಶಹಾಪುರ ತಾಲ್ಲೂಕಿನ ಹಳ್ಳಿಯ ಹುಡುಗ, ಎಂಜಿನಿಯರಿಂಗ್ ಓದಿ ಈಗ ಕೆನಡಾದ ಮಾಂಟ್ರಿಯಲ್‌ನಲ್ಲಿ ನೆಲೆಸಿದ್ದಾನೆ. ಸ್ಟಾಫ್ ರೂಮಿನಲ್ಲಿ ಚಹ ಕುಡಿಯುತ್ತ, 'ಸರ್, ನನ್ನ ಮಗಳು ಫ್ರೆಂಚ್ ಸಾಲಿಗಿ ಹೋಗ್ತಾಳ್ರಿ. ಇಂಗ್ಲಿಷ್ ಸಾಲಿಗಿ ಹಾಕ್ತೀವಂದ್ರ ಬಿಡಂಗಿಲ್ರಿ, ಕಾಯ್ದೆನೇ ಅದ್ರಿ' ಎಂದ. ಮಗುವನ್ನು ಇಂಗ್ಲಿಷ್ ಶಾಲೆಗೆ ಸೇರಿಸಲು ಸಾಲ ಮಾಡುವ ತಂದೆತಾಯಿಗಳನ್ನು ದಿನಬೆಳಗಾದರೆ ಕಾಣುವ ನಾವೆಲ್ಲ ಬೆರಗಾಗಿ ಕೂತೆವು. ಕೆನಡಾದಲ್ಲಿ ಇಂಗ್ಲಿಷ್ ಶಾಲೆಗೆ ಹಾಕಲು ಬಿಡುವುದಿಲ್ಲವೆಂದರೇನು? ಅಂದಿನಿಂದ ಆ ಪ್ರಾಂತದ ಚರಿತ್ರೆಯನ್ನು ಸಿಕ್ಕಲ್ಲಿ ಓದತೊಡಗಿದೆ. ಓದಿದಷ್ಟೂ ನಮ್ಮದೇ ಊರು ಕಣ್ಣಮುಂದೆ ಬರತೊಡಗಿತು.

ಕೆನಡಾದ ಪೂರ್ವಕ್ಕಿರುವ ಕ್ವಿಬೆಕ್ ಪ್ರಾಂತ ಕರ್ನಾಟಕದಂಥ ಎಂಟು ರಾಜ್ಯಗಳಷ್ಟು ವಿಸ್ತಾರವಾದದ್ದು. ಜನಸಂಖ್ಯೆ ಮಾತ್ರ ಸುಮಾರು 90 ಲಕ್ಷ, ನಾಲ್ವರಲ್ಲಿ ಮೂವರ ಮಾತೃಭಾಷೆ ಫ್ರೆಂಚ್. 1608ರಲ್ಲಿ ಶಾಂಪ್ಲೇನ್ ಎಂಬ ಫ್ರೆಂಚ್ ನಾವಿಕ ಅಲ್ಲಿ ಕ್ವಿಬೆಕ್ ನಗರಕ್ಕೆ ಬುನಾದಿ ಹಾಕಿದ. 1759ರ ಸೆಪ್ಟೆಂಬರ್ 13ರಂದು ಆ ಊರ ಹೊರಗಿನ ಬಯಲಿನಲ್ಲಿ ನಡೆದ ಕಾಳಗದಲ್ಲಿ ಫ್ರೆಂಚರು ಇಂಗ್ಲಿಷರಿಗೆ ಸೋತರು. 1763ರ ಪ್ಯಾರಿಸ್ ಒಪ್ಪಂದದಲ್ಲಿ ಫ್ರಾನ್ಸಿನ ರಾಜ ಆ ನಾಡನ್ನೇ ಬಿಟ್ಟುಕೊಟ್ಟ. ರಾಜ ಹೋದ, ಪ್ರಜೆಗಳು ಉಳಿದರು. ಅವರ ಮಾತು, ಧರ್ಮ, ಆಸ್ತಿಪಾಸ್ತಿಯ ಕಟ್ಟಳೆಗಳೂ ಉಳಿದವು. 1774ರಲ್ಲಿ ಇಂಗ್ಲಿಷ್ ಸರ್ಕಾರವೇ ಕಾಯ್ದೆ ಮಾಡಿ ಅವರ ಕ್ಯಾಥೊಲಿಕ್ ಧರ್ಮಕ್ಕೂ ಫ್ರೆಂಚ್ ಕಟ್ಟಳೆಗೂ ಮಾನ್ಯತೆ ಕೊಡಬೇಕಾಯಿತು.

ನನ್ನನ್ನು ಹಿಡಿದು ನಿಲ್ಲಿಸಿದ್ದು ಇನ್ನೊಂದು ಸಣ್ಣ ಸಂಗತಿ. ಕ್ವಿಬೆಕ್ಕಿನ ವಾಹನಗಳ ನಂಬರ್ ಪ್ಲೇಟಿನ ಮೇಲೆ ಮೊದಲು 'ಸುಂದರ ಪ್ರಾಂತ' ಎಂಬರ್ಥದ ಫ್ರೆಂಚ್ ಮಾತಿತ್ತಂತೆ. ಪ್ರವಾಸಿಗಳನ್ನು ಕರೆಯುವ ಮಾತು. 1978ರಲ್ಲಿ ಅದನ್ನು ತೆಗೆದು, ತಮ್ಮ ಶಾಸನಸಭೆಯ ಕಟ್ಟಡದ ಮೇಲೆ ಹಿಂದೆಯೇ ಕೆತ್ತಿಸಿದ್ದ ಧ್ಯೇಯವಾಕ್ಯವನ್ನು ಹಾಕಿದರು. ಅದರ ಅರ್ಥ ಇಷ್ಟೇ: 'ನನಗೆ ನೆನಪಿದೆ.'

ನಮ್ಮ ಯಾದಗಿರಿ ಜಿಲ್ಲೆಯ ವಾಹನಗಳ ಮೇಲೆ ಕೆಎ 33 ಎಂದಿರುತ್ತದೆ. ಅದರ ಕೆಳಗೆ ಹಾಗೊಂದು ಸಾಲು ಬರೆಯಲು ಜಾಗ ಕೊಟ್ಟರೆ, ನಮಗೆ ಏನು ನೆನಪಿದೆ ಎಂದು ಹೇಳಿಕೊಂಡೇವು?

ನೆನಪಿಡುವುದಕ್ಕೇನೂ ಬರವಿಲ್ಲ. ವಿಜ್ಞಾನದ ಮಾಸ್ತರನಾದ್ದರಿಂದ ಕಲ್ಲಿನಿಂದಲೇ ಶುರುಮಾಡುತ್ತೇನೆ. ಹುಣಸಗಿ ಬಳಿಯ ಇಸಾಂಪುರದಲ್ಲಿ ಪುಣೆಯ ಡೆಕ್ಕನ್ ಕಾಲೇಜಿನ ಪ್ರೊ. ಕೆ. ಪದ್ದಯ್ಯನವರು ಉತ್ಖನನ ಮಾಡಿ ಆದಿಮಾನವರು ಸುಣ್ಣಕಲ್ಲಿನಿಂದ ಕೈಗೊಡಲಿ ಮಾಡುತ್ತಿದ್ದ ಜಾಗವನ್ನು ಬೆಳಕಿಗೆ ತಂದರು. ಅದರ ಕಾಲ ಸುಮಾರು 12 ಲಕ್ಷ ವರ್ಷಗಳ ಹಿಂದಿನದೆಂದು ಅಂದಾಜು. ಶಹಾಪುರದ ಹತ್ತಿರ ವಿಭೂತಿಹಳ್ಳಿಯ ಹೊಲದಲ್ಲಿ ಬೃಹತ್ ಶಿಲಾಯುಗದವರು ಸಾಲುಸಾಲಾಗಿ ಇಟ್ಟ ಬಂಡೆಗಳಿವೆ. ಆದ್ಯ ವಚನಕಾರರಲ್ಲಿ ಒಬ್ಬನಾದ ಜೇಡರ ದಾಸಿಮಯ್ಯ ಹುಟ್ಟಿದ್ದು ಸುರಪುರ ಸೀಮೆಯ ಮುದನೂರಿನಲ್ಲಿ. 'ಕವಿರಾಜಮಾರ್ಗ' ರೂಪುಗೊಂಡ ರಾಷ್ಟ್ರಕೂಟರ ಮಾನ್ಯಖೇಟ, ಅಂದರೆ ಇಂದಿನ ಮಳಖೇಡ, ಯಾದಗಿರಿಯಿಂದ ದೂರವೇನಿಲ್ಲ. ಕನ್ನಡ ನಾಡಿನ ಎಲ್ಲೆ ಎಲ್ಲಿಂದ ಎಲ್ಲಿಯವರೆಗೆ ಎಂದು ಬರೆದಿಟ್ಟ ನೆಲದ ಮಕ್ಕಳನ್ನೇ ಇಂದು 'ಆಂಧ್ರದವರಾ?' ಎಂದು ಕೇಳುವುದಿದೆಯಲ್ಲ, ಅದು ಚರಿತ್ರೆಯ ಚೇಷ್ಟೆಯೇ ಸರಿ.

ಇನ್ನು ಸುರಪುರದ ನಾಯಕರು. ಔರಂಗಜೇಬ ಸ್ವತಃ ಮುಂದೆ ನಿಂತು ನಡೆಸಿದ ಕೊನೆಯ ಮುತ್ತಿಗೆ ದಿಲ್ಲಿಯ ಆಸುಪಾಸಿನಲ್ಲಿ ಆದದ್ದಲ್ಲ, ನಮ್ಮ ವಾಗಣಗೇರಿಯಲ್ಲಿ, 1705ರಲ್ಲಿ. ಎಂಬತ್ತಾರರ ಮುದಿ ಬಾದಶಹ ತಿಂಗಳುಗಟ್ಟಲೆ ಕೋಟೆಯ ಮುಂದೆ ಕೂತು ಕೊನೆಗೆ ಅದನ್ನು ಹಿಡಿದ, ಪಿಡ್ಡನಾಯಕ ಮಾತ್ರ ಕೈಗೆ ಸಿಗಲಿಲ್ಲ. ಮುಂದಿನ ಶತಮಾನದಲ್ಲಿ ರಾಜಾ ವೆಂಕಟಪ್ಪ ನಾಯಕ ಚಿಕ್ಕವನಿದ್ದಾಗ ಸಂಸ್ಥಾನದ ಉಸ್ತುವಾರಿಗೆ ಬಂದವನು ಮೆಡೋಸ್ ಟೇಲರ್. 1841ರಿಂದ 1853ರವರೆಗೆ ಸುರಪುರದಲ್ಲಿದ್ದ ಈ ಇಂಗ್ಲಿಷ್ ಅಧಿಕಾರಿ ಕಾದಂಬರಿಕಾರನೂ ಹೌದು. ಸುತ್ತಲ ಶಿಲಾಸಮಾಧಿಗಳನ್ನು ಅಗೆಸಿ ನೋಡಿ ಬರೆದಿಟ್ಟವನೂ ಅವನೇ. ಬಾಲಕ ರಾಜ ಅವನನ್ನು 'ಅಪ್ಪಾ' ಎನ್ನುತ್ತಿದ್ದನಂತೆ. ಆ ಬಾಲಕನೇ ದೊಡ್ಡವನಾಗಿ 1858ರ ಫೆಬ್ರವರಿಯಲ್ಲಿ ಇಂಗ್ಲಿಷರ ವಿರುದ್ಧ ಕತ್ತಿ ಹಿರಿದ. ಸೋತು ಹೈದರಾಬಾದಿಗೆ ಹೋದಾಗ ಸೆರೆಸಿಕ್ಕ. ಮರಣದಂಡನೆ ನಾಲ್ಕು ವರ್ಷಗಳ ಸೆರೆವಾಸಕ್ಕೆ ಇಳಿಯಿತು, ಆದರೆ ಚೆಂಗಲಪಟ್ಟಿಗೆ ಒಯ್ಯುವ ದಾರಿಯಲ್ಲೇ ಗುಂಡೇಟಿನಿಂದ ತೀರಿಹೋದ. 1860ರಲ್ಲಿ ಇಂಗ್ಲಿಷರು ಸುರಪುರವನ್ನು ನಿಜಾಮರಿಗೆ ಉಡುಗೊರೆಯಾಗಿ ಕೊಟ್ಟುಬಿಟ್ಟರು. ಫ್ರಾನ್ಸಿನ ರಾಜ ಕ್ವಿಬೆಕ್ಕನ್ನು ಬಿಟ್ಟುಕೊಟ್ಟಂತೆಯೇ. ಎರಡು ಕಡೆಯೂ ಅಲ್ಲಿ ಬದುಕುವ ಜನರನ್ನು ಯಾರೂ ಕೇಳಲಿಲ್ಲ.

ಮುಂದಿನದು ಭಾಷೆಯ ಕಥೆ. ನಿಜಾಮರ ರಾಜ್ಯದಲ್ಲಿ ತೆಲುಗರು, ಮರಾಠಿಗರು, ಕನ್ನಡಿಗರು ಮೂವರೂ ಇದ್ದರು. ಕಚೇರಿಯ ಭಾಷೆ ಮೊದಲು ಪಾರಸಿ, 1880ರ ದಶಕದಿಂದ ಉರ್ದು. 1918ರಲ್ಲಿ ಹೈದರಾಬಾದಿನಲ್ಲಿ ಉಸ್ಮಾನಿಯಾ ವಿಶ್ವವಿದ್ಯಾಲಯ ಹುಟ್ಟಿತು. ಇಂಗ್ಲಿಷಿನ ಬದಲು ದೇಶಭಾಷೆಯಲ್ಲಿ ಉನ್ನತ ಶಿಕ್ಷಣ ಕೊಡಹೊರಟ ದೇಶದ ಮೊದಲ ವಿಶ್ವವಿದ್ಯಾಲಯ ಅದು. ಅದಕ್ಕಾಗಿ ಭಾಷಾಂತರ ಇಲಾಖೆಯನ್ನೇ ತೆರೆದು ಭೌತ, ರಸಾಯನ, ವೈದ್ಯ ಗ್ರಂಥಗಳನ್ನು ಉರ್ದುವಿಗೆ ತಂದರು. ನಮ್ಮ ದೊಡ್ಡಪ್ಪನ ಪೆಟ್ಟಿಗೆಯಲ್ಲಿ ಅಂಥದೊಂದು ರಸಾಯನಶಾಸ್ತ್ರದ ಪುಸ್ತಕವಿತ್ತು. ಸಲ್ಫ್ಯೂರಿಕ್ ಆಮ್ಲಕ್ಕೆ ಅದರಲ್ಲಿ 'ಗಂಧಕ್ ಕಾ ತೇಜಾಬ್' ಎಂದಿದೆ ಎಂದು ಅವರು ಓದಿ ಹೇಳುತ್ತಿದ್ದರು. ನಾವು 'ಗಂಧಕಾಮ್ಲ' ಎನ್ನುತ್ತೇವೆ. ಗಂಧಕ ಎರಡೂ ಕಡೆ ಒಂದೇ! ವಿಜ್ಞಾನವನ್ನು ನಮ್ಮ ದೇಶದ ಮಾತಿನಲ್ಲಿ ಹೇಳಬಹುದೆಂದು ತೋರಿಸಿಕೊಟ್ಟ ಆ ಸಾಹಸಕ್ಕೆ ಮಾಸ್ತರನಾಗಿ ತಲೆಬಾಗುತ್ತೇನೆ. ಆದರೆ ಹೊಲದಲ್ಲಿ ಕನ್ನಡ ಆಡಿ ಬಂದ ಮಗುವಿಗೆ ಆ ದೇಶಭಾಷೆಯೂ ಪರಭಾಷೆಯೇ ಆಗಿತ್ತು ಎಂಬುದನ್ನು ಮರೆಯುವಂತಿಲ್ಲ.

ನನ್ನ ತಂದೆ 1948ರವರೆಗೆ ಉರ್ದುವಿನಲ್ಲೇ ಕಲಿತವರು. ಕೊನೆಯವರೆಗೂ ಲೆಕ್ಕ ಮಾಡುವಾಗ ಅವರ ತುಟಿಯ ಮೇಲೆ ಬರುತ್ತಿದ್ದುದು 'ದೋ ದೂನಿ ಚಾರ್'. ದೇವರ ಮುಂದೆ ಕೂತರೆ ಮಾತ್ರ ಕನ್ನಡ. ಸಿಟ್ಟು ಬಂದರೆ ಎರಡೂ! ಹಾಗಾದರೆ ಕನ್ನಡ ಉಳಿದದ್ದು ಎಲ್ಲಿ? ಮಠದಲ್ಲಿ, ಭಜನೆಯಲ್ಲಿ, ಬಯಲಾಟದಲ್ಲಿ, ಬೀಸುವ ಕಲ್ಲಿನ ಮುಂದೆ. ಕ್ವಿಬೆಕ್ಕಿನಲ್ಲೂ ಇನ್ನೂರು ವರ್ಷ ಫ್ರೆಂಚನ್ನು ಕಾಪಾಡಿದ್ದು ಹಳ್ಳಿಯ ಚರ್ಚು ಮತ್ತು ಅಡುಗೆಮನೆ ಎನ್ನುತ್ತಾರೆ. ಸಭೆ ಸೇರಲೂ ಸರ್ಕಾರದ ಅಪ್ಪಣೆ ಬೇಕಿದ್ದ ಆ ಕಾಲದಲ್ಲಿ, 1928ರಲ್ಲಿ ಕಲಬುರಗಿಯಲ್ಲಿ ಬಿ.ಎಂ. ಶ್ರೀಕಂಠಯ್ಯನವರ ಅಧ್ಯಕ್ಷತೆಯಲ್ಲಿ, 1934ರಲ್ಲಿ ರಾಯಚೂರಿನಲ್ಲಿ ಪಂಜೆ ಮಂಗೇಶರಾಯರ ಅಧ್ಯಕ್ಷತೆಯಲ್ಲಿ ಸಾಹಿತ್ಯ ಸಮ್ಮೇಳನಗಳು ನಡೆದವು. ಗಡಿಯಾಚೆಯ ಕನ್ನಡಿಗರು ನಮ್ಮನ್ನು ಮರೆತಿಲ್ಲವೆಂದು ಗೊತ್ತಾಗುವುದೂ ಆಗ ದೊಡ್ಡ ಧೈರ್ಯವಾಗಿತ್ತು.

ಕಾಕತಾಳೀಯವೆಂದರೆ, ನಮ್ಮ ಚರಿತ್ರೆ ತಿರುಗಿದ್ದೂ ಸೆಪ್ಟೆಂಬರ್ 13ರಂದೇ. 1948ರ ಆ ದಿನ ಭಾರತದ ಸೇನೆ ಹೈದರಾಬಾದ್ ರಾಜ್ಯದೊಳಗೆ ಕಾಲಿಟ್ಟಿತು. 17ಕ್ಕೆ ನಿಜಾಮರು ಶರಣಾದರು. ಅವರಿಗೆ ಸೆಪ್ಟೆಂಬರ್ 13 ಸೋಲಿನ ದಿನ, ನಮಗೆ ಬಿಡುಗಡೆಯ ಬಾಗಿಲು.

ಆದರೆ ಬಿಡುಗಡೆಯ ನೆನಪೂ ಒಂದೇ ಬಣ್ಣದ್ದಲ್ಲ. ನಮ್ಮ ಆಯಿಯ ತವರು ಹುಣಸಗಿ ಕಡೆ. ರಜಾಕಾರರ ಹಾವಳಿಗೆ ಅಂಜಿ ಆ ಮನೆಯವರು ರಾತ್ರೋರಾತ್ರಿ ಗಡಿ ದಾಟಿ ವಿಜಾಪುರ ಜಿಲ್ಲೆಯ ತಾಳಿಕೋಟೆ ಕಡೆಗೆ ಹೋದವರು. ಜೋಳದ ಹಗೇವು ತುಂಬಿದ್ದು ತುಂಬಿದ ಹಾಗೆಯೇ ಬಿಟ್ಟು ಹೊರಟದ್ದನ್ನು ಆಯಿ ಎಷ್ಟೋ ಸಲ ಹೇಳುತ್ತಿದ್ದಳು. ಅದೇ ಉಸಿರಿನಲ್ಲಿ ಇನ್ನೊಂದು ಮಾತನ್ನೂ ಹೇಳುತ್ತಿದ್ದಳು: 'ನಾವು ತಿರುಗಿ ಬಂದೆವಪ್ಪಾ. ಆದ್ರ ಬಾಜೂ ಮನಿ ಬಳೆಗಾರ ಸಾಬರು ಇದ್ದಿಲ್ಲ. ಮತ್ತ ಬರಲೇ ಇಲ್ಲ.' ಪೊಲೀಸ್ ಕಾರ್ಯಾಚರಣೆಯ ನಂತರ ಮುಸ್ಲಿಮರ ಮೇಲೆ ನಡೆದ ಹಿಂಸೆಯನ್ನು ನೋಡಿ ಬರಲು ಕೇಂದ್ರ ಸರ್ಕಾರವೇ ಪಂಡಿತ ಸುಂದರಲಾಲ್ ಸಮಿತಿಯನ್ನು ಕಳಿಸಿತ್ತು. ಅದರ ವರದಿ ದಶಕಗಳ ಕಾಲ ಬಹಿರಂಗವಾಗಲಿಲ್ಲ. ಓದು ಬರಹ ಬಾರದ ಆಯಿಗೆ ಮಾತ್ರ ಎರಡೂ ನೆನಪಿತ್ತು. ಒಂದನ್ನು ಇಟ್ಟುಕೊಂಡು ಇನ್ನೊಂದನ್ನು ಬಿಟ್ಟಿರಲಿಲ್ಲ.

1956ರ ನವೆಂಬರ್ 1ರಂದು ಬೀದರ, ಗುಲ್ಬರ್ಗ, ರಾಯಚೂರು ಮೈಸೂರು ರಾಜ್ಯಕ್ಕೆ ಸೇರಿದವು. ಮನೆಗೆ ಬಂದೆವೆಂದು ಹಿಗ್ಗಿದ್ದೇನೋ ನಿಜ. ಆದರೆ ತಡವಾಗಿ ಬಂದ ನೆಂಟನಿಗೆ ಪಂಕ್ತಿಯ ಕೊನೆಯೇ ಗತಿ. ಕಲಬುರಗಿಗೆ ವಿಶ್ವವಿದ್ಯಾಲಯ ಬಂದದ್ದು 1980ರಲ್ಲಿ. ಕೃಷ್ಣೆಗೆ ನಾರಾಯಣಪುರದಲ್ಲಿ ಅಣೆಕಟ್ಟಾದದ್ದು 1982ರಲ್ಲಿ. 2002ರಲ್ಲಿ ಡಾ. ಡಿ.ಎಂ. ನಂಜುಂಡಪ್ಪ ಸಮಿತಿ ಹಿಂದುಳಿದ 114 ತಾಲ್ಲೂಕುಗಳನ್ನು ಪಟ್ಟಿ ಮಾಡಿದಾಗ 'ಅತ್ಯಂತ ಹಿಂದುಳಿದ' 39ರಲ್ಲಿ ಯಾದಗಿರಿ, ಶಹಾಪುರ, ಸುರಪುರ ಮೂರೂ ಇದ್ದವು. ಯಾದಗಿರಿ ಸ್ವತಂತ್ರ ಜಿಲ್ಲೆಯಾದದ್ದು 2010ರಲ್ಲಿ.

ಕ್ವಿಬೆಕ್ಕಿನವರೂ ಬಹುಕಾಲ ಪಂಕ್ತಿಯ ಕೊನೆಯಲ್ಲೇ ಕೂತಿದ್ದರು. ತಮ್ಮದೇ ನಾಡಿನ ಕಾರ್ಖಾನೆಯಲ್ಲಿ ದುಡಿಯುವವರು ಫ್ರೆಂಚರು, ಮೇಲೆ ಕೂತು ಹುಕುಂ ಮಾಡುವವರು ಇಂಗ್ಲಿಷರು. 1960ರಲ್ಲಿ ಅಲ್ಲೊಂದು ಬದಲಾವಣೆ ಶುರುವಾಯಿತು. ರಕ್ತ ಹರಿಯದ ಅದನ್ನು 'ಶಾಂತ ಕ್ರಾಂತಿ' ಎನ್ನುತ್ತಾರೆ. ಚರ್ಚಿನ ಕೈಯಲ್ಲಿದ್ದ ಶಾಲೆಗಳ ಹೊಣೆಯನ್ನು ಸರ್ಕಾರ ಹೊತ್ತು 1964ರಲ್ಲಿ ಶಿಕ್ಷಣ ಇಲಾಖೆ ಸ್ಥಾಪಿಸಿತು. 'ನಮ್ಮ ಮನೆಗೆ ನಾವೇ ಯಜಮಾನರು' ಎಂಬ ಘೋಷಣೆಯೊಂದಿಗೆ 1962ರ ಚುನಾವಣೆ ಗೆದ್ದ ಸರ್ಕಾರ ಖಾಸಗಿ ವಿದ್ಯುತ್ ಕಂಪನಿಗಳನ್ನು ವಶಕ್ಕೆ ತೆಗೆದುಕೊಂಡಿತು. 1977ರ ಭಾಷಾ ಕಾಯ್ದೆ ಫ್ರೆಂಚನ್ನು ಕಚೇರಿಯ, ಕಾರ್ಖಾನೆಯ, ಅಂಗಡಿ ಬೋರ್ಡಿನ ಭಾಷೆಯನ್ನಾಗಿ ಮಾಡಿತು. ನನ್ನ ವಿದ್ಯಾರ್ಥಿಯ ಮಗಳು ಫ್ರೆಂಚ್ ಶಾಲೆಗೆ ಹೋಗುವುದು ಇದರಿಂದಲೇ. ಬೇರೆ ದೇಶವಾಗಬೇಕೇ ಎಂದು ಎರಡು ಸಲ ಜನಮತವನ್ನೂ ಕೇಳಿದರು. 1995ರಲ್ಲಿ 'ಬೇಡ' ಎಂದವರು ಶೇ 50.58, 'ಬೇಕು' ಎಂದವರು ಶೇ 49.42. ಕೂದಲೆಳೆಯಲ್ಲಿ ಕೆನಡಾ ಉಳಿಯಿತು.

ನಮ್ಮ ದಾರಿ ಬೇರೆ. ನಾವು ಬೇರೆ ಮನೆ ಕೇಳಲಿಲ್ಲ, ಇದೇ ಮನೆಯಲ್ಲಿ ಸರಿಪಾಲು ಕೇಳಿದೆವು. ವರ್ಷಾನುಗಟ್ಟಲೆ ಹೋರಾಟದ ಫಲವಾಗಿ ಸಂವಿಧಾನದ 98ನೇ ತಿದ್ದುಪಡಿಯ ಮೂಲಕ 371 ಜೆ ವಿಧಿ ಬಂತು, 2013ರಲ್ಲಿ ಜಾರಿಯಾಯಿತು. ಈ ಭಾಗದ ಶಿಕ್ಷಣ ಸಂಸ್ಥೆಗಳಲ್ಲಿ ಶೇ 70ರಷ್ಟು ಸೀಟು, ಇಲ್ಲಿನ ಹುದ್ದೆಗಳಲ್ಲಿ ದರ್ಜೆಗೆ ತಕ್ಕಂತೆ ಶೇ 75ರಿಂದ 85, ರಾಜ್ಯದ ಉಳಿದೆಡೆ ಶೇ 8. ನಮ್ಮ ಶಾಲೆಯ ಮಕ್ಕಳು ಇದರಿಂದ ಡಾಕ್ಟರಾಗಿದ್ದಾರೆ, ಎಂಜಿನಿಯರಾಗಿದ್ದಾರೆ. ಕೂಲಿಗಾಗಿ ಗುಳೆ ಹೋಗುತ್ತಿದ್ದವರ ಮನೆಯ ಹುಡುಗಿ ಬಿಳಿ ಕೋಟು ಹಾಕಿ ನಮಸ್ಕಾರ ಮಾಡಲು ಬಂದಾಗ ಆಗುವ ಸಂತೋಷವನ್ನು ಯಾವ ಶೇಕಡಾವಾರಿನಲ್ಲೂ ಹೇಳಲಾಗದು. 2019ರ ಸೆಪ್ಟೆಂಬರ್ 17ರಂದು ಹೈದರಾಬಾದ್ ಕರ್ನಾಟಕ ಹೋಗಿ 'ಕಲ್ಯಾಣ ಕರ್ನಾಟಕ' ಎಂಬ ಚೆಂದದ ಹೆಸರೂ ಬಂತು.

ಹಾಗಾದರೆ ಇನ್ನೇನು ಬೇಕು ಎನ್ನುತ್ತೀರಾ? ಒಂದು ಪ್ರಸಂಗ ಹೇಳುತ್ತೇನೆ. ಕೆಲವು ವರ್ಷಗಳ ಹಿಂದೆ ಎಲ್ಲೋ ಒಂದು ಕಡೆ ನಡೆದ ವಿಜ್ಞಾನ ಸ್ಪರ್ಧೆಗೆ ನಮ್ಮ ಶಾಲೆಯ ಹುಡುಗಿಯೊಬ್ಬಳನ್ನು ಕರೆದೊಯ್ದಿದ್ದೆ. ಎರೆಮಣ್ಣು ನೀರನ್ನು ಹೇಗೆ ಹಿಡಿದಿಟ್ಟುಕೊಳ್ಳುತ್ತದೆ ಎಂದು ಆಕೆ ಮಾದರಿ ಮಾಡಿದ್ದಳು. ತಪ್ಪಿಲ್ಲದೆ ವಿವರಿಸಿದಳು, ತನ್ನ ಮನೆಯ ಮಾತಿನಲ್ಲಿ. ತೀರ್ಪುಗಾರರೊಬ್ಬರು ನಕ್ಕು, 'ವಿಜ್ಞಾನ ಆಮೇಲೆ, ಮೊದಲು ಕನ್ನಡ ಕಲಿ' ಎಂದರು. ಸುತ್ತಲಿದ್ದವರೂ ನಕ್ಕರು. ಬಸ್ಸಿನಲ್ಲಿ ಬಹಳ ಹೊತ್ತು ಸುಮ್ಮನಿದ್ದ ಆಕೆ ಕೊನೆಗೆ ಕೇಳಿದಳು: 'ಸರ್, ನಾ ಇಂಗ್ಲಿಷಿನ್ಯಾಗ ಹೇಳಿದ್ರ ಅವರು ನಗ್ತಿದ್ದಿಲ್ಲಲ್ರಿ?'

371 ಜೆ ಆಕೆಗೆ ಸೀಟು ಕೊಡಬಲ್ಲದು. ಈ ಪ್ರಶ್ನೆಗೆ ಅದರಲ್ಲಿ ಉತ್ತರವಿಲ್ಲ.

ಕ್ವಿಬೆಕ್ಕಿನವರ ಫ್ರೆಂಚನ್ನು ಕೇಳಿ ಪ್ಯಾರಿಸ್ಸಿನವರೂ ಹೀಗೆಯೇ ನಗುತ್ತಿದ್ದರಂತೆ. ಹದಿನೇಳನೆಯ ಶತಮಾನದ ಉಚ್ಚಾರಣೆ, ಹಳೆಯ ಪದಗಳು, ನಡುವೆ ಇಂಗ್ಲಿಷಿನ ಬೆರಕೆ. 1968ರಲ್ಲಿ ಮಿಶೆಲ್ ಟ್ರೆಂಬ್ಲೆ ಎಂಬ ನಾಟಕಕಾರ ಮಾಂಟ್ರಿಯಲ್ಲಿನ ಬಡಕೇರಿಯ ಹೆಂಗಸರ ಆಡುಮಾತನ್ನೇ ರಂಗದ ಮೇಲೆ ತಂದ. ಮೊದಲು ಗದ್ದಲವಾಯಿತು, ಆಮೇಲೆ ಅದೇ ಹೆಮ್ಮೆಯಾಯಿತು. ನಮ್ಮಲ್ಲೂ ಗೀತಾ ನಾಗಭೂಷಣ ಅವರು ಕಲಬುರಗಿ ಸೀಮೆಯ ಮಾತಿನಲ್ಲಿ 'ಬದುಕು' ಬರೆದು 2004ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಪಡೆದರು. ಆ ಗೌರವ ಪಡೆದ ಮೊದಲ ಕನ್ನಡ ಲೇಖಕಿ ಅವರು. ನಮ್ಮ ಎಷ್ಟು ಮಕ್ಕಳಿಗೆ ಇದು ಗೊತ್ತಿದೆ?

ನಮ್ಮ 'ದವಾಖಾನಿ', 'ಜಲ್ದಿ', 'ಖುರ್ಚಿ'ಗಳನ್ನು ಕೇಳಿ ನಗುವ ಮಹನೀಯರು ಮರುದಿನ 'ಜಮೀನಿ'ನ 'ದಾಖಲೆ'ಗಾಗಿ 'ತಹಶೀಲ್ದಾರ'ರಿಗೆ 'ಅರ್ಜಿ' ಕೊಡಲು ಹೋಗುತ್ತಾರೆ. ಈ ನಾಲ್ಕೂ ಅದೇ ಪಾರಸಿ-ಅರಬ್ಬಿ ಮನೆತನದವೇ! ಎಂಟನೇ ತರಗತಿಗೆ ನಾನು ಮಿಶ್ರಣ, ಸಂಯುಕ್ತ ಎಂದು ಪಾಠ ಮಾಡುತ್ತೇನೆ. ಕಬ್ಬಿಣದ ಪುಡಿ, ಗಂಧಕ ಬರಿದೇ ಕಲಸಿದ್ದರೆ ಆಯಸ್ಕಾಂತ ಹಿಡಿದು ಬೇರೆ ಮಾಡಬಹುದು. ಕಾಯಿಸಿ ಕೂಡಿಸಿದ ಮೇಲೆ ಆಗದು, ಅದು ಹೊಸ ವಸ್ತು. ನಮ್ಮ ನಾಡು ಅಂಥದು. ದಾಸಿಮಯ್ಯನ ಕನ್ನಡ, ಉಸ್ಮಾನಿಯಾದ ಉರ್ದು, ಗುರುಮಠಕಲ್ ಕಡೆಯ ತೆಲುಗು, ನಾಯಕರ ಕೋಟೆ, ಟೇಲರನ ಬಂಗಲೆ, ಹಿಂದೂ ಮುಸಲ್ಮಾನರಿಬ್ಬರೂ ನಡೆದುಕೊಳ್ಳುವ ತಿಂಥಣಿಯ ಮೌನೇಶ್ವರ, ಎಲ್ಲ ನಮ್ಮ ಬಿಸಿಲಿನಲ್ಲಿ ಕಾದು ಒಂದಾಗಿವೆ. ಆಯಸ್ಕಾಂತ ಹಿಡಿದು 'ಇದು ನಮ್ಮದು, ಇದು ಅವರದು' ಎಂದು ಆರಿಸಲು ಹೊರಟರೆ ಕೈಗೆ ಸಿಗುವುದು ಏನೂ ಇಲ್ಲ.

ಇಲ್ಲಿ ಕ್ವಿಬೆಕ್ಕಿನಿಂದ ಕಲಿಯಬೇಕಾದ ಎಚ್ಚರವೂ ಒಂದಿದೆ. 2019ರಲ್ಲಿ ಅಲ್ಲಿನ ಸರ್ಕಾರ ಶಿಕ್ಷಕರೂ ಸೇರಿದಂತೆ ಹಲವು ಸರ್ಕಾರಿ ನೌಕರರು ಕೆಲಸದ ವೇಳೆ ಧಾರ್ಮಿಕ ಚಿಹ್ನೆ ಧರಿಸಬಾರದೆಂದು ಕಾಯ್ದೆ ಮಾಡಿತು. ಪೇಟ ಸುತ್ತುವ ಸಿಖ್ ಯುವಕ, ತಲೆವಸ್ತ್ರ ಧರಿಸುವ ಮುಸ್ಲಿಂ ಯುವತಿ ಅಲ್ಲಿ ಹೊಸದಾಗಿ ಮಾಸ್ತರಿಕೆಗೆ ಸೇರುವುದು ಕಷ್ಟವಾಯಿತು. ತಮ್ಮ ಗುರುತಿಗಾಗಿ ಇನ್ನೂರು ವರ್ಷ ಹೋರಾಡಿದವರೇ ಇನ್ನೊಬ್ಬರ ಗುರುತಿಗೆ ಬಾಗಿಲು ಹಾಕಿದ ಹಾಗಾಯಿತಲ್ಲ ಎಂದು ನನಗೆ ಅನ್ನಿಸಿತು. ಬಹುಸಂಖ್ಯಾತರಾದ ಮೇಲೆ ನೆನಪು ಅರ್ಧವಾಗುವುದು ಎಲ್ಲ ದೇಶದಲ್ಲೂ ಉಂಟು.

ನಮ್ಮ ಮಕ್ಕಳಿಗೆ ಪೂರ್ತಿ ನೆನಪು ಬೇಕು. ಅದಕ್ಕೆ ಸರ್ಕಾರಿ ಆದೇಶವಾಗಲಿ ಅನುದಾನವಾಗಲಿ ಬೇಕಿಲ್ಲ. ಕಳೆದ ಮೂರು ವರ್ಷಗಳಿಂದ ಬೇಸಿಗೆ ರಜೆಗೆ ನಾನು ಕೊಡುವ ಮನೆಗೆಲಸ ಇಷ್ಟೇ: ಊರಿನ ಅತ್ಯಂತ ಹಿರಿಯರ ಬಳಿ ಕೂತು, ಅವರು ಚಿಕ್ಕವರಿದ್ದಾಗ ಕಂಡದ್ದನ್ನು ಅವರದೇ ಮಾತಿನಲ್ಲಿ, ಒಂದಕ್ಷರ ತಿದ್ದದೆ ಬರೆದು ತರಬೇಕು. ಬಂದ ನೋಟ್ ಬುಕ್ಕುಗಳಲ್ಲಿ ಹಾಲಿ ಸಿಕ್ಕಾ ನಾಣ್ಯವಿದೆ, ಹಗೇವಿದೆ, ಗಡಿ ದಾಟಿದ ರಾತ್ರಿಯಿದೆ, ತಿರುಗಿ ಬಾರದ ನೆರೆಯವರಿದ್ದಾರೆ. ಬರೆದ ಮಕ್ಕಳಲ್ಲಿ ಉರ್ದು ಶಾಲೆಯಿಂದ ಬಂದವರೂ ಇದ್ದಾರೆ, ತಾಂಡಾದವರೂ ಇದ್ದಾರೆ. 1948ನ್ನು ಕಣ್ಣಾರೆ ಕಂಡು ನೆನಪಿಟ್ಟುಕೊಂಡವರಿಗೆ ಈಗ ಎಂಬತ್ತೈದರ ಮೇಲೆ. ಮೊದಲ ವರ್ಷ ನಮ್ಮ ಪಟ್ಟಿಯಲ್ಲಿದ್ದ ಹಿರಿಯರು ಹನ್ನೊಂದು ಮಂದಿ. ಈ ವರ್ಷ ಮಕ್ಕಳು ಹೋದಾಗ ಮಾತಿಗೆ ಸಿಕ್ಕವರು ನಾಲ್ವರು. ನಿಮ್ಮ ಓಣಿಯಲ್ಲೂ ಅಂಥ ಒಬ್ಬರು ಕಟ್ಟೆಯ ಮೇಲೆ ಕೂತಿರಬಹುದು. ಈ ಭಾನುವಾರವೇ ಹೋಗಿ ಕೇಳಿ.